ಹೆಂಡತಿ, ಇಬ್ಬರು ಮಕ್ಕಳು, ಒಂದು ಬೆಕ್ಕು

ಪೂರ್ಣೇಶನಿಗೆ ಹುಡುಗಿ ಒಪ್ಪಿಗೆಯಾಗಿದ್ದಳು. ಇದೇನು ಸಣ್ಣ ಸುದ್ದಿಯಲ್ಲ. ಅಕ್ಕ ಬಿಂದುಶ್ರೀ ವರ್ಷಗಟ್ಟಲೆಯಿಂದ ತಂದು ತೋರಿಸಿದ ಫೋಟೋಗಳನ್ನೆಲ್ಲ ‘ನೋಡಾಣ ಬಿಡು’ ಎಂದು ಪಕ್ಕಕ್ಕೆ ಸರಿಸುತ್ತ ಬಂದಿದ್ದ ಆಸಾಮಿ ಇವನು. ಹೊನ್ನೆಮರಡಿನ ಹತ್ತಿರ ಹಿನ್ನೀರಿನ ದಡದಲ್ಲಿ, ಪೇಟೆಯಿಂದ ಬಂದವರಿಗೆ ದೋಣಿಯಲ್ಲಿ ಹುಟ್ಟು ಹಾಕಲು ಕಲಿಸುವುದು ಇವನ ಕೆಲಸ. ನೀರಿಗೆ ಇಳಿದರೆ ಎಂಥ ಪುಕ್ಕಲರಿಗೂ ಧೈರ್ಯ ತುಂಬುವ ಬಾಯಿ, ದಡ ಹತ್ತಿ ಯಾರದ್ದಾದರೂ ಮನೆಯ ಜಗಲಿಯಲ್ಲಿ ಕೂತಿತೆಂದರೆ ಮುಚ್ಚಿಕೊಂಡುಬಿಡುತ್ತಿತ್ತು. ‘ಇವ್ನಿಗೆ ಹೆಣ್ಣು ಹುಡುಕದಕ್ಕಿಂತ ಹಿನ್ನೀರು ದಾಟಿಸ ಲಾಂಚಿಗೆ ಹೊಸ ಇಂಜಿನ್ ಹುಡುಕದು ಸುಲಭ’ ಎಂದು ಬಿಂದುಶ್ರೀ ಊರೆಲ್ಲ ಹೇಳಿಕೊಂಡು ತಿರುಗಿದ್ದಳು.

ಅಂಥವನು ಹೊಸನಗರಕ್ಕೆ ಹೋಗಿ ಸುಪ್ರಿಯಾಳನ್ನು ನೋಡಿ ಬಂದವನೇ, ದಾರಿಯಲ್ಲಿ ಯಾರೂ ಕೇಳದೆ ತಾನಾಗಿ, ‘ಆಗ್ಬಹುದು’ ಎಂದ. ಕಾರು ಓಡಿಸುತ್ತಿದ್ದ ಭಾವ ಉಮೇಶ್ ಬ್ರೇಕ್ ಹಾಕಿ ಗಾಡಿ ಪಕ್ಕಕ್ಕೆ ನಿಲ್ಲಿಸಿ, ಹಿಂದೆ ತಿರುಗಿ, ‘ಇನ್ನೊಂದ್ಸಲ ಹೇಳು’ ಎಂದ.

ನಡೆದದ್ದು ಇಷ್ಟೇ. ಉಪ್ಪಿಟ್ಟು ಕಾಫಿ ಆದಮೇಲೆ ದೊಡ್ಡವರು ಇಬ್ಬರನ್ನೂ ಅಂಗಳದ ಕಡೆಗೆ ಮಾತಾಡಿಕೊಂಡು ಬನ್ನಿ ಎಂದು ಕಳಿಸಿದ್ದರು. ಸುಪ್ರಿಯಾ ತೀರ್ಥಹಳ್ಳಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ವಾರವೆಲ್ಲ ಅಲ್ಲೇ ರೂಮು, ಶನಿವಾರ ಹೊಸನಗರದ ಮನೆಗೆ ಬರುವುದು. ಪೂರ್ಣೇಶ ದಾಸವಾಳದ ಗಿಡವನ್ನೇ ನೋಡುತ್ತ ನಿಂತಿದ್ದ. ಕೊನೆಗೆ ಅವಳೇ, ‘ದಿನಾ ಅಷ್ಟು ನೀರಿನ ಮೇಲೆ ಇರ್ತೀರಲ್ಲ, ಹೆದ್ರಿಕೆ ಆಗಲ್ವಾ?’ ಎಂದು ಕೇಳಿದಳು. ‘ಆಗುತ್ತೆ. ದಿನಾ ಆಗುತ್ತೆ’ ಎಂದ. ಅವಳು ದನಿ ತಗ್ಗಿಸಿ, ‘ನಂಗೂ ಕ್ಲಾಸ್ ಒಳಗೆ ಹೋಗೋ ಮುಂಚೆ ಆಗುತ್ತೆ. ಯಾರಿಗೂ ಹೇಳಿಲ್ಲ’ ಎಂದಳು. ಅಷ್ಟಕ್ಕೇ ಇವನ ಕಥೆ ಮುಗಿದುಹೋಗಿತ್ತು. ಮದುವೆ ಅಂತಾದರೆ ಇವಳನ್ನೇ ಎಂದು ಆ ದಾಸವಾಳದ ಗಿಡದ ಹತ್ತಿರವೇ ಅವನು ಮನಸ್ಸು ಮಾಡಿಬಿಟ್ಟ.

ಹುಡುಗಿಯ ಮನೆಯಲ್ಲಿ ಯಜಮಾನಿಕೆ ಅವಳ ದೊಡ್ಡಪ್ಪ ಗಣೇಶಪ್ಪನವರದ್ದು. ಹೆಡ್‌ಮಾಸ್ಟರಾಗಿ ನಿವೃತ್ತಿಯಾದವರು. ಹಿಂದೆಲ್ಲ ಗಂಡಿನ ಬಗ್ಗೆ ತಿಳಿದುಕೊಳ್ಳಬೇಕೆಂದರೆ ಅವನ ಊರಿನ ಅಂಗಡಿಯಲ್ಲಿ ಬಾಳೆಹಣ್ಣು ಕೊಳ್ಳುವ ನೆಪದಲ್ಲಿ ಕೂತು ಮೆಲ್ಲಗೆ ವಿಚಾರಿಸುತ್ತಿದ್ದರು. ಗಣೇಶಪ್ಪನವರು ಕಾಲಕ್ಕೆ ತಕ್ಕ ಮನುಷ್ಯ, ಮೊಬೈಲಿನಲ್ಲಿ ವಿಚಾರಿಸಿದರು. ಪೂರ್ಣೇಶನ ಹೆಸರು ಹಾಕಿ, ಅಪ್ಪನ ಹೆಸರು ಹಾಕಿ, ಸಾಗರ ಅಂತ ಹಾಕಿ, ಹಿನ್ನೀರು ಅಂತ ಹಾಕಿ ಹುಡುಕಿದರು. ಒಂದೂ ಸಿಗಲಿಲ್ಲ. ಸಿಗುವುದಕ್ಕೆ ಇವನು ಎಲ್ಲಿಯೂ ಏನೂ ಹಾಕಿಕೊಂಡವನಲ್ಲ.

‘ಈಗಿನ ಕಾಲದಲ್ಲಿ ಹುಡುಗನ ಬಗ್ಗೆ ನೆಟ್ಟಲ್ಲಿ ಎಂತದೂ ಇಲ್ಲ ಅಂದ್ರೆ ಹ್ಯಾಗೆ ನಂಬದು ಅಂತಿದಾರೆ’ ಎಂದು ಸರೋಜತ್ತೆ ಫೋನು ಮಾಡಿದರು. ಎರಡೂ ಕಡೆಗೆ ನೆಂಟರಾದ ಈ ಸರೋಜತ್ತೆಯೇ ಸಂಬಂಧ ತಂದವರು. ‘ಭಾನುವಾರ ಮನೆ ನೋಡಕ್ಕೆ ಬರ್ತಾರೆ. ಅಷ್ಟ್ರೊಳಗೆ ಎಂತಾರೂ ಒಂದು ಮಾಡ್ಕಳಿ. ಸಿಗಂದೂರಮ್ಮ ಇದಾಳೆ.’

ಕಾಯುವುದಕ್ಕೆ ದೇವಿ ಸಿಗಂದೂರಮ್ಮ ಇದ್ದಾಳೆ, ನಿಜ. ವೆಬ್‌ಸೈಟ್ ಮಾಡುವುದಕ್ಕೆ ಉಮೇಶನಿದ್ದ. ಸಾಗರದಲ್ಲಿ ಅವನದ್ದು ಮದುವೆ ಆಲ್ಬಂ ಮಾಡುವ ಸ್ಟುಡಿಯೊ. ತನ್ನ ಅಂಗಡಿಗೆ ಒಂದು ವೆಬ್‌ಸೈಟನ್ನು ತಾನೇ ಮಾಡಿಕೊಂಡಿದ್ದ ಎಂಬ ಕಾರಣಕ್ಕೆ ಅವನಿಗೆ ತನ್ನ ಮೇಲೆ ಸ್ವಲ್ಪ ಹೆಚ್ಚೇ ಭರವಸೆ. ಪೂರ್ಣೇಶನನ್ನು ಕರೆದು ಕಂಪ್ಯೂಟರಿನ ಮುಂದೆ ಕೂರಿಸಿದ.

‘ಇದೆಲ್ಲ ಬರೆಯಕ್ಕೆ ಹೋಗಬ್ಯಾಡ ಮಾರಾಯ. ಯಾರೋ ಪುಣ್ಯಾತ್ಮ ಬರ್ದು ಇಟ್ಟಿದಾನೆ. ಇದಕ್ಕೆ ರೆಪಾಸಿಟರಿ ಅಂತಾರೆ. ಒಂದು ವೆಬ್‌ಸೈಟಿಗೆ ಬೇಕಾದ ಕಡತ ಎಲ್ಲಾ ಇದ್ರೊಳಗೆ ಇರುತ್ತೆ. ಎಲ್ಲಾರೂ ತಗೊಳ್ಳಿ ಅಂತ್ಲೇ ಇಟ್ಟಿರದು. ಈ ಗುಂಡಿ ಒತ್ತಿದ್ರೆ ಅದ್ರದ್ದೊಂದು ನಕಲು ನಿನ್ನ ಹೆಸರಿಗೆ ಬರುತ್ತೆ. ಹೆಸ್ರು ಊರು ಬದ್ಲು ಮಾಡ್ಕಂಡ್ರೆ ಆತು.’

‘ಕದ್ದಂಗೆ ಆಗಲ್ವನಾ ಭಾವ?’

‘ಅವ್ನೇ ತಗೊಳ್ಳಿ ಅಂದಿದಾನಲ್ಲ. ಯಾರ್ದು ಎಂತ ಅಂತ ಎಲ್ಲಾ ದಾಖಲೆ ಇರುತ್ತೆ. ಯಾವ ಸಾಲನ್ನ ಯಾರು ಯಾವತ್ತು ಬರ್ದ್ರು, ಯಾರು ಅಳಿಸಿದ್ರು, ಒಂದೂ ತಪ್ಪಲ್ಲ.’

ಗುಂಡಿ ಒತ್ತಿದರು. ನಕಲು ಬಂತು. ಪೂರ್ಣೇಶನಿಗೆ ಅದನ್ನು ನೋಡಿ ಗಾಬರಿಯಾಯಿತು, ಕಡತಗಳು ಒಂದರ ಕೆಳಗೊಂದು ಸಾಲಾಗಿ ಕೂತಿದ್ದವು, ಎಲ್ಲದರ ಹೆಸರೂ ಇಂಗ್ಲಿಷು. ಉಮೇಶ್ ಅದರಲ್ಲಿ ಒಂದನ್ನು ತೆರೆದ. ಇಲ್ಲಿ ಹೆಸರು, ಊರು, ಫೋನು, ಮಾಡುವ ಕೆಲಸ ತುಂಬಿಸಿದರೆ ಸಾಕು, ವೆಬ್‌ಸೈಟಿನಲ್ಲಿ ಎಲ್ಲೆಲ್ಲಿ ಹೆಸರು ಬರಬೇಕೋ ಅಲ್ಲೆಲ್ಲ ತಾನೇ ಹೋಗಿ ಕೂರುತ್ತದೆ ಎಂದು ವಿವರಿಸಿದ. ಪೂರ್ಣೇಶ ಎರಡು ಬೆರಳಲ್ಲಿ ಕುಟ್ಟಿ ಕುಟ್ಟಿ ತುಂಬಿಸಿದ. ಉಳಿಸಿದರೆ ತಪ್ಪಿದೆ ಎಂದು ಕೆಂಪು ಗುರುತು ಬಂತು. ಎಲ್ಲೋ ಒಂದು ಕಡೆ ಜಾಗ ಬಿಟ್ಟು ಬರೆಯಬೇಕಾದಲ್ಲಿ ಬಿಟ್ಟಿರಲಿಲ್ಲವಂತೆ. ಅದನ್ನು ಹುಡುಕುವುದರಲ್ಲಿ ಮಧ್ಯಾಹ್ನದ ಊಟ ತಣ್ಣಗಾಯಿತು.

ಆಮೇಲೆ ಫೋಟೋ. ಉಮೇಶ್ ಫೋಟೋ ತೆಗೆಯುವುದನ್ನೇ ಕಸುಬು ಮಾಡಿಕೊಂಡವನು, ಭಾವಮೈದುನನದ್ದು ಅವನ ಹತ್ತಿರ ನೂರಾರು ಇದ್ದವು. ಎಲ್ಲದರಲ್ಲೂ ಪೂರ್ಣೇಶ ಪಾಸ್‌ಪೋರ್ಟ್ ಆಫೀಸಿನಲ್ಲಿ ನಿಂತವನ ಹಾಗೆ ನಿಂತಿದ್ದ. ಊಟದ ಬುತ್ತಿ ತಂದಿದ್ದ ಬಿಂದುಶ್ರೀ ಇಬ್ಬರನ್ನೂ ಸರಿಸಿ ತಾನೇ ಹುಡುಕಿ ಒಂದನ್ನು ಆರಿಸಿದಳು. ಹಿನ್ನೀರಿನ ಮೇಲೆ ದೋಣಿ, ನಡುವೆ ಪೂರ್ಣೇಶ, ಅವನ ಆಚೆಗೊಂದು ಈಚೆಗೊಂದು ಲೈಫ್ ಜಾಕೆಟ್ ಹಾಕಿಕೊಂಡ ಅವಳದ್ದೇ ಮಕ್ಕಳು. ಮೂರೂ ಜನ ಬಾಯಿ ತುಂಬ ನಗುತ್ತಿದ್ದರು.

‘ಇದೇ ಹಾಕಿ. ಇವ್ನು ಹಲ್ಲು ಬಿಟ್ಟಿರ ಫೋಟೋ ಇದೊಂದೇ ಇರದು.’

‘ನನ್ನ ಬಗ್ಗೆ’ ಎಂಬ ಒಂದು ಪುಟ ಉಳಿದಿತ್ತು. ಉಮೇಶ್ ಅದರ ಹೆಸರು ಹೇಳುತ್ತಿದ್ದಂತೆ ಪೂರ್ಣೇಶ ಕುರ್ಚಿ ಹಿಂದಕ್ಕೆ ತಳ್ಳಿದ. ಈಗ ಇದನ್ನು ಅರ್ಥ ಮಾಡಿಕೊಳ್ಳಬೇಕು. ಇವರ ಮನೆಗಳಲ್ಲಿ ಮದುವೆ ಮಾತುಕತೆಗೆ ಕೂತಾಗ ಗಂಡು ತನ್ನ ಬಗ್ಗೆ ತಾನು ತುಟಿ ಬಿಚ್ಚುವುದಿಲ್ಲ. ಹುಡುಗ ಒಳ್ಳೆಯವನು ಎಂದು ಸೋದರಮಾವ ಹೇಳಬೇಕು, ಕೆಲಸ ಇದೆ ಎಂದು ಭಾವ ಹೇಳಬೇಕು, ಕೆಟ್ಟ ಚಟ ಇಲ್ಲ ಎಂದು ಸಂಬಂಧ ತಂದವರು ಆಣೆ ಮಾಡಿ ಹೇಳಬೇಕು. ಹುಡುಗ ತಾನೇ ಬಾಯಿ ತೆರೆದು ‘ನಾನು ಹೀಗೆ, ನಾನು ಹಾಗೆ’ ಎಂದನೋ, ಎದ್ದು ಹೋದಮೇಲೆ ಹೆಂಗಸರು ಮೂಗು ಮುರಿಯುತ್ತಾರೆ.

ಮನೆಗೆ ಫೋನು ಮಾಡಿ ಅಮ್ಮನನ್ನು ಕೇಳಿದ್ದಕ್ಕೆ ಗುತ್ಯಮ್ಮನೂ ಅದನ್ನೇ ಹೇಳಿದಳು. ‘ನಮ್ಮ ಗುಣ ನಾವೇ ಬರ್ಕಂಬದಾ? ನಾಚ್ಕೆ ಆಗಲ್ವಾ? ನಿನ್ ಭಾವನೇ ಎರಡು ಮಾತು ಬರೀಲಿ.’

‘ನಾನು ಬರೀತೀನಿ ಬಿಡು, ಶುಕ್ರವಾರ ಪುರುಸೊತ್ತಿದೆ. ಅಲ್ಲಿವರೆಗೆ ಆ ಪುಟ ಹಂಗೇ ಇರ್ಲಿ’ ಎಂದ ಉಮೇಶ್. ಆ ಪುಟ ಖಾಲಿ ಇದೆ ಎಂದು ಪೂರ್ಣೇಶ ತಿಳಿದ. ಉಮೇಶನೂ ಹಾಗೆಯೇ ತಿಳಿದಿದ್ದ. ತನ್ನ ಅಂಗಡಿಯ ವೆಬ್‌ಸೈಟಿಗೆ ಅವನು ಬೇರೆ ಯಾವುದೋ ನಕಲು ತೆಗೆದಿದ್ದ, ಅದರಲ್ಲಿ ಖಾಲಿಯೇ ಇತ್ತು.

ಸಂಜೆಯ ಹೊತ್ತಿಗೆ ಹಸಿರು ಗುರುತು ಬಿತ್ತು. ಮೊಬೈಲಿನಲ್ಲಿ ತೆರೆದರೆ, ಆಹಾ, ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು, ಕೆಳಗೆ ದೋಣಿಯಲ್ಲಿ ನಗುವ ಮುಖ, ಅದರ ಕೆಳಗೆ ಸಾಗರ ಎಂದು ಊರು. ಪೂರ್ಣೇಶನಿಗೆ ಸಂತೋಷವೇ ಆಯಿತು. ಇಷ್ಟು ದಿನ ಲೋಕದಲ್ಲಿ ಇದ್ದೂ ಇಲ್ಲದವನಂತಿದ್ದೆ, ಈಗ ಹುಡುಕಿದರೆ ಸಿಗುತ್ತೇನೆ ಎಂದುಕೊಂಡ. ಲಿಂಕನ್ನು ಸರೋಜತ್ತೆಗೆ ಕಳಿಸಿದ, ಅವರು ಹೊಸನಗರಕ್ಕೆ ಕಳಿಸಿದರು.

ಮೂಲೆಯಲ್ಲಿ ಮೂರು ಗೆರೆಯ ಸಣ್ಣ ಗುರುತೊಂದಿತ್ತು. ಅದನ್ನು ಒತ್ತಿದರೆ ಉಳಿದ ಪುಟಗಳು ಕಾಣುತ್ತಿದ್ದವು. ಸಾಗರದ ಕಡೆಯವರು ಯಾರೂ ಒತ್ತಲಿಲ್ಲ. ಗಣೇಶಪ್ಪನವರು ಒತ್ತಿದರು. ಅವರು ಎಲ್ಲವನ್ನೂ ಒತ್ತಿ ನೋಡುವ ಪೈಕಿ.

ಮಾರನೆಯ ದಿನ ಪೂರ್ಣೇಶ ಶಿವಮೊಗ್ಗದಿಂದ ಬಂದ ಕಾಲೇಜು ಹುಡುಗರ ಗುಂಪೊಂದನ್ನು ನೀರಿನ ಮೇಲೆ ಸುತ್ತಾಡಿಸಿಕೊಂಡು ದಡಕ್ಕೆ ಬಂದು ಫೋನು ನೋಡಿದರೆ, ಸರೋಜತ್ತೆ ಕರೆದಿದ್ದರು, ಅಕ್ಕ ಕರೆದಿದ್ದಳು, ಮತ್ತೆ ಸರೋಜತ್ತೆ, ಮತ್ತೆ ಅಕ್ಕ. ಅಮ್ಮನಿಗೆ ಏನಾದರೂ ಆಯಿತೋ ಎಂದುಕೊಂಡ. ಒದ್ದೆ ಕೈಯಲ್ಲೇ ಸರೋಜತ್ತೆಗೆ ಹಚ್ಚಿದ.

‘ಪೂರ್ಣೇಶಾ, ದೇವ್ರ ಮೇಲೆ ಆಣೆ ಮಾಡಿ ಸತ್ಯ ಹೇಳು. ನಿಂಗೆ ಹೆಂಡ್ತಿ ಇದಾಳನಾ?’

‘ಎಂತ ಕೇಳ್ತಿದೀರಿ ಅತ್ತೆ? ಇದ್ದಿದ್ರೆ ನೀವು ಯಾಕೆ ನನ್ನ ಹೊಸನಗರಕ್ಕೆ ಕರ್ಕಂಡು ಹೋಗ್ತಿದ್ರಿ?’

‘ಅದ್ನೇ ನಾನೂ ಹೇಳ್ದೆ. ಆದ್ರೆ ನೀನೇ ಬರ್ಕಂಡಿದೀಯಂತಲ್ಲ. ಹೆಂಡ್ತಿ ಇದಾಳೆ, ಇಬ್ರು ಮಕ್ಕಳಿದಾರೆ, ಒಂದು ಬೆಕ್ಕಿದೆ ಅಂತ. ಮಕ್ಕಳ ಫೋಟೋ ಬೇರೆ ಹಾಕಿದೀಯಂತೆ. ಗಣೇಶಪ್ಪ ಎಷ್ಟು ಬೈದ್ರು ಗೊತ್ತಾ? ಭಾನುವಾರ ಬರದಿಲ್ಲ ಅಂದ್ರು. ಇನ್ನು ಈ ಮಾತೇ ತೆಗೀಬ್ಯಾಡಿ ಅಂದ್ರು.’

ಪೂರ್ಣೇಶ ಕೆಸರಿನಲ್ಲಿ ನಿಂತಲ್ಲೇ ಮೂರು ಗೆರೆ ಒತ್ತಿದ. ‘ನನ್ನ ಬಗ್ಗೆ’ ಪುಟ ತೆರೆದುಕೊಂಡಿತು. ಖಾಲಿ ಇರಲಿಲ್ಲ. ಚೆಂದದ ಇಂಗ್ಲಿಷಿನಲ್ಲಿ ಬರೆದಿತ್ತು: ನಾನು ಪೂರ್ಣೇಶ್. ಸಾಗರದಲ್ಲಿ ನನ್ನ ಪ್ರೀತಿಯ ಹೆಂಡತಿ, ಇಬ್ಬರು ಮಕ್ಕಳು ಮತ್ತು ಒಂದು ಮಹಾ ಸೋಮಾರಿ ಬೆಕ್ಕಿನ ಜೊತೆ ವಾಸವಾಗಿದ್ದೇನೆ.

ಕಡತಗಳನ್ನು ಬರೆದಿಟ್ಟ ಆ ಪುಣ್ಯಾತ್ಮ, ಯಾವ ದೇಶದವನೋ ಏನೋ, ಮಾದರಿಗೆಂದು ತನ್ನ ಸಂಸಾರದ ಸುದ್ದಿ ಬರೆದು, ಹೆಸರು ಮತ್ತು ಊರು ಬರುವಲ್ಲಿ ಮಾತ್ರ ತೂತು ಬಿಟ್ಟಿದ್ದ. ಇವರು ತುಂಬಿಸಿದ ಹೆಸರು ಊರು ನೆಟ್ಟಗೆ ಹೋಗಿ ಆ ತೂತುಗಳಲ್ಲಿ ಕೂತಿದ್ದವು. ಸಾಲದ್ದಕ್ಕೆ ಮುಖಪುಟದಲ್ಲಿ ಅಕ್ಕನ ಮಕ್ಕಳಿಬ್ಬರು ಹಲ್ಲು ಬಿಟ್ಟುಕೊಂಡು ಸಾಕ್ಷಿ ಹೇಳುತ್ತಿದ್ದರು.

ಸಾಗರದ ಅಕ್ಕನ ಮನೆಗೆ ಬರುವಷ್ಟರಲ್ಲಿ ಅಲ್ಲಿ ಯುದ್ಧ ಶುರುವಾಗಿತ್ತು. ಅಮ್ಮನೂ ಬಂದು ಕೂತಿದ್ದಳು. ಬಿಂದುಶ್ರೀ ಗಂಡನನ್ನು ಗೋಡೆಗೆ ಒತ್ತಿ ನಿಲ್ಲಿಸಿಕೊಂಡು ಜಾಡಿಸುತ್ತಿದ್ದಳು.

‘ಮದುವೆ ಆಲ್ಬಂ ಮಾಡ್ತೀನಿ ಅಂತ ಬೋರ್ಡ್ ಹಾಕ್ಕಂಡಿದೀರಿ. ಆಗಬೇಕಾದ ಮದುವೆ ಮುರೀತೀನಿ ಅಂತನೂ ಅದ್ರ ಕೆಳಗೆ ಬರೆಸಿ.’

‘ಫೋಟೋ ಆರಿಸಿದ್ದು ಯಾರೇ?’

‘ಫೋಟೋದಲ್ಲಿ ಹೆಂಡ್ತಿ ಇದ್ಲನಾ?’

ಪೂರ್ಣೇಶನನ್ನು ಕಂಡ ಕೂಡಲೇ ಬಿಂದುಶ್ರೀ ಅವನ ಕೈಗೆ ಲ್ಯಾಪ್‌ಟಾಪ್ ತುರುಕಿದಳು. ‘ತಮ್ಮಾ, ಮೊದ್ಲು ಆ ಸಾಲು ಅಳಿಸು. ಈಗ್ಲೇ. ಅಳಿಸಿ, ಅಂಥದ್ದೆಂತದೂ ಇಲ್ಲ, ನಿಮ್ಮ ಕಣ್ಣಿಗೆ ಏನೋ ಕಂಡಿದೆ ಅಂತ ಹೇಳು.’

ಪೂರ್ಣೇಶ ಕೂತ. ಕಡತ ತೆರೆದ. ಹೆಂಡತಿ, ಮಕ್ಕಳು, ಬೆಕ್ಕು ಎಲ್ಲರೂ ಒಂದೇ ಸಾಲಿನಲ್ಲಿದ್ದರು, ಒಂದು ಸಲ ಎಳೆದು ಅಳಿಸಿದರೆ ಹೋಗುತ್ತಿದ್ದರು. ಬೆರಳು ಇಟ್ಟವನು ತೆಗೆದ.

‘ಭಾವ, ಅಳಿಸಿದ್ರೆ ಅದೂ ಉಳಿಯುತ್ತೆ ಅಂದಿದ್ರಲ್ಲ?’

‘ಉಳಿಯುತ್ತೆ. ಪೂರ್ಣೇಶ ಇಂಥಾ ದಿನ ಇಂಥಾ ಸಾಲು ಅಳಿಸಿದ ಅಂತ ಎಲ್ಲಕ್ಕಿಂತ ಮೇಲೆ ಅದೇ ಕಾಣುತ್ತೆ.’

‘ಹಂಗಾರೆ ಕಳ್ಳ ಆಗ್ತೀನಿ. ಬೈದ ಮೇಲೆ ಹೆಂಡ್ತಿ ಮಕ್ಕಳನ್ನ ಮುಚ್ಚಿಟ್ಟ ಅಂತಾರೆ.’

‘ಅಳಿಸದೆ ಇದ್ರೆ ಎಂತ ಆಗ್ತೀಯ? ಸಂಸಾರಸ್ಥ ಆಗ್ತೀಯ’ ಎಂದಳು ಬಿಂದುಶ್ರೀ. ಸಿಟ್ಟಿನಲ್ಲಿದ್ದಾಗಲೂ ಅವಳ ಮಾತು ಹೀಗೆಯೇ.

ಮೂಲೆಯಲ್ಲಿ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದ ಗುತ್ಯಮ್ಮ ಬಾಯಿ ಖಾಲಿ ಮಾಡಿಕೊಂಡು ಬಂದು, ‘ಬರ್ದಿದ್ದು ನೀನಲ್ಲ ಅಂತ ಎಲ್ಲಾದ್ರೂ ಕಾಣುತ್ತನಾ ಅದ್ರಲ್ಲಿ?’ ಎಂದು ಕೇಳಿದಳು.

‘ಕಾಣುತ್ತೆ ಅತ್ತೆ. ಮೂಲದವನು ಬರ್ದಿದ್ದು ಅವ್ನ ಹೆಸರಲ್ಲೇ ಇದೆ. ಆದ್ರೆ ನೋಡಕ್ಕೆ ಗೊತ್ತಿರ್ಬೇಕು. ಗಣೇಶಪ್ಪಂಗೆ ಗೊತ್ತಾಗಲ್ಲ’ ಎಂದ ಉಮೇಶ್.

‘ಹುಡುಗಿ ಅದನ್ನೇ ಪಾಠ ಮಾಡ್ತಾಳಲ್ಲ’ ಎಂದಳು ಗುತ್ಯಮ್ಮ.

ಪೂರ್ಣೇಶ ಮೊದಲು ಗಣೇಶಪ್ಪನವರಿಗೇ ಫೋನು ಮಾಡಿದ. ಹಿರಿಯರನ್ನು ದಾಟಿ ಹುಡುಗಿಗೆ ಹೇಳುವುದು ಸರಿ ಕಾಣಲಿಲ್ಲ. ಅದು ಮಾದರಿಗೆ ಬರೆದಿಟ್ಟದ್ದು, ಮಕ್ಕಳು ಅಕ್ಕನವು, ಬೆಕ್ಕು ಯಾರದ್ದೋ ಗೊತ್ತಿಲ್ಲ ಎಂದು ತೊದಲುತ್ತ ಹೇಳಿದ. ಅವರು ಪೂರ್ತಿ ಕೇಳಿಸಿಕೊಂಡರು. ಕೇಳಿಸಿಕೊಂಡು, ‘ನೋಡಪ್ಪ, ನಾನು ಜೀವಮಾನ ಪೂರ್ತಿ ಮಕ್ಕಳ ಉತ್ತರ ಪತ್ರಿಕೆ ತಿದ್ದಿದೋನು. ನಿನ್ನ ಹೆಸರಿದೆ, ನಿನ್ನ ಊರಿದೆ, ನಿನ್ನ ಫೋಟೋ ಇದೆ. ಆಮೇಲೆ ಬರೆದಿದ್ದು ನಾನಲ್ಲ ಸಾರ್ ಅಂದ್ರೆ ಹ್ಯಾಗೆ?’ ಎಂದು ಇಟ್ಟುಬಿಟ್ಟರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ಪೂರ್ಣೇಶನಿಗೆ ಹೆಚ್ಚು ಸಂಕಟ ಮಾಡಿತು.

ಸುಪ್ರಿಯಾಳಿಗೆ ಫೋನು ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಲು ಧೈರ್ಯ ಬರಲಿಲ್ಲ. ಕೊನೆಗೆ ಒಂದು ಮೆಸೇಜು ಬರೆದ. ಬರೆದು, ಅಳಿಸಿ, ಮತ್ತೆ ಬರೆದು, ಉದ್ದವಾದದ್ದನ್ನೆಲ್ಲ ಕಿತ್ತು ಹಾಕಿ, ಇಷ್ಟು ಉಳಿಸಿಕೊಂಡ: ‘ಆ ಸಾಲು ನಾನು ಬರೆದಿದ್ದಲ್ಲ. ಅಳಿಸಿಯೂ ಇಲ್ಲ. ಯಾರು ಬರೆದದ್ದು ಅಂತ ದಯವಿಟ್ಟು ನೀವೇ ನೋಡಿ.’ ಕೆಳಗೆ ರೆಪಾಸಿಟರಿಯ ಲಿಂಕು ಹಾಕಿದ.

ಉತ್ತರ ಬರಲಿಲ್ಲ. ಶುಕ್ರವಾರವೂ ಬರಲಿಲ್ಲ. ಅವಳು ಓದಿದ್ದಾಳೆ ಎಂದು ಮಾತ್ರ ಫೋನಿನಲ್ಲಿ ತೋರಿಸುತ್ತಿತ್ತು. ಓದಿ ಸುಮ್ಮನಿದ್ದಾಳೆ ಅಂದರೆ ಏನರ್ಥ? ಪೂರ್ಣೇಶ ಅವತ್ತು ನೀರಿನ ಮೇಲೆ ಹೋಗಿದ್ದೂ ಹೌದು, ಬಂದವರಿಗೆ ಹುಟ್ಟು ಹಿಡಿಯುವುದನ್ನು ತೋರಿಸಿದ್ದೂ ಹೌದು, ಮನಸ್ಸು ಮಾತ್ರ ಅಲ್ಲಿರಲಿಲ್ಲ. ಒಂದು ದೋಣಿಯವರು ತಮ್ಮಷ್ಟಕ್ಕೆ ತಾವೇ ಆಚೆ ದಡದ ತುಮರಿಯ ದಿಕ್ಕಿಗೆ ಹೊರಟುಬಿಟ್ಟಿದ್ದನ್ನು ಎಷ್ಟೋ ಹೊತ್ತಿನ ಮೇಲೆ ನೋಡಿ, ಬೆನ್ನಟ್ಟಿ ಕರೆತಂದ. ಸಂಬಂಧ ಮುರಿದರೆ ಅಕ್ಕ ಇನ್ನೊಂದು ಫೋಟೋ ತರುತ್ತಾಳೆ, ಅದು ಅವನಿಗೆ ಗೊತ್ತಿತ್ತು. ತನಗೂ ಹೆದರಿಕೆ ಆಗುತ್ತದೆ ಎಂದು ಹೇಳಿದ ಹುಡುಗಿಯ ಕಣ್ಣಿನಲ್ಲಿ ತಾನು ಮೋಸಗಾರನಾಗಿ ಉಳಿಯುತ್ತೇನಲ್ಲ, ಅದನ್ನು ನೆನೆದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಅಳಿಸಿಬಿಡಲೇ ಎಂದು ಎಷ್ಟು ಸಲ ಅನಿಸಿತೋ. ವೆಬ್‌ಸೈಟನ್ನೇ ಕಿತ್ತು ಹಾಕಿ ಮೊದಲಿನ ಹಾಗೆ ಎಲ್ಲಿಯೂ ಸಿಗದವನಾಗಿಬಿಡುವುದು ಎಂದೂ ಅನಿಸಿತು. ಹಾಗೆ ಮಾಡಿದರೆ ಅವಳು ಬಂದು ನೋಡುವ ಹೊತ್ತಿಗೆ ಅಲ್ಲಿ ಏನೂ ಇರುವುದಿಲ್ಲವಲ್ಲ ಎಂದು ತಡೆದುಕೊಂಡ. ಹೆಂಡತಿ, ಮಕ್ಕಳು, ಬೆಕ್ಕು ಲೋಕದ ಕಣ್ಣೆದುರಿಗೆ ಹಾಗೆಯೇ ಇದ್ದರು.

ಶನಿವಾರ ಮಧ್ಯಾಹ್ನ ಎಲ್ಲರೂ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಸರೋಜತ್ತೆಯ ಫೋನು ಬಂತು. ಬಿಂದುಶ್ರೀ ಎಂಜಲು ಕೈಯಲ್ಲೇ ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದಳು.

‘ನಾಳೆ ಬರ್ತಾರಂತೆ’ ಎಂದರು ಸರೋಜತ್ತೆ.

ಬಿಂದುಶ್ರೀ ಫೋನನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

‘ಕೇಳ್ತಿದ್ಯನೇ ಬಿಂದು? ನಾಳೆ ಬರ್ತಾರೆ. ಹುಡುಗಿ ಇವತ್ತು ತೀರ್ಥಹಳ್ಳಿಯಿಂದ ಬಂದೋಳು, ಚಪ್ಪಲಿ ಬಿಟ್ಟು, ಸೀದಾ ದೊಡ್ಡಪ್ಪನ ಮುಂದೆ ಲ್ಯಾಪ್‌ಟಾಪ್ ಇಟ್ಕಂಡು ಕೂತ್ಲಂತೆ. ಈ ಸಾಲು ಬರೆದಿರೋದು ಯಾವ್ದೋ ದೇಶದೋನು, ಐದು ವರ್ಷದ ಹಿಂದೆ, ಆ ಹೆಂಡ್ತಿ ಅವನ ಹೆಂಡ್ತಿ, ಆ ಮಕ್ಕಳು ಅವನ ಮಕ್ಕಳು ಅಂತ ಹೆಸ್ರು ತಾರೀಖು ಸಮೇತ ತೋರಿಸಿದ್ಲಂತೆ. ಗಣೇಶಪ್ಪ ಕನ್ನಡಕ ಹಾಕ್ಕಂಡು ಅವ್ನ ಫೋಟೋ ಸುದ್ದಾ ನೋಡಿದ್ರಂತೆ. ಆಮೇಲೆ, ನಿಮ್ಮ ಹುಡುಗ ಆ ಸಾಲನ್ನ ಮುಟ್ಟೇ ಇಲ್ಲ ಅಂತನೂ ತೋರಿಸಿದ್ಲಂತೆ. ಅಷ್ಟು ಬೈದ್ರೂ ಮುಟ್ಟಿಲ್ವಾ ಅಂತ ಕೇಳಿದ್ರಂತೆ ಅವ್ರು. ಮುಟ್ಟಿಲ್ಲ ಅಂದ್ಲಂತೆ. ಹಂಗಾರೆ ನಾಳೆ ಹೋಗಾಣ ಅಂದ್ರಂತೆ.’

ಬಿಂದುಶ್ರೀಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡು, ‘ಎಷ್ಟು ಜನ ಬರ್ತಾರಂತೆ ಅತ್ತೆ? ಕಾಯಿಕಡುಬು ಮಾಡದಾ, ಹೋಳಿಗೆ ಮಾಡದಾ?’ ಎಂದು ಕೇಳಿದಳು. ಗುತ್ಯಮ್ಮ ಕೈ ತೊಳೆದು ದೇವರ ಗೂಡಿಗೆ ದೀಪ ಹಚ್ಚಲು ಎದ್ದಳು. ಉಮೇಶ್ ಎರಡು ದಿನದಿಂದ ಮುದುರಿಕೊಂಡಿದ್ದವನು ಬೆನ್ನು ನೆಟ್ಟಗೆ ಮಾಡಿ ಇನ್ನೊಂದು ಸೌಟು ಸಾರು ಹಾಕಿಸಿಕೊಂಡ. ಮನೆಗೆ ಮನೆಯೇ ಹಗುರಾಯಿತು.

ಪೂರ್ಣೇಶನ ಹೊಟ್ಟೆಗೂ ಹಾಲು ಹುಯ್ದಂತಾಯಿತು, ಇಲ್ಲವೆನ್ನುವುದಕ್ಕಿಲ್ಲ. ಆದರೆ ಪೂರ್ತಿ ಅಲ್ಲ. ದೊಡ್ಡಪ್ಪ ಒಪ್ಪಿದರು, ಸರಿ. ಅವಳು? ನ್ಯಾಯವಾಗಿ ನೋಡಿ, ನ್ಯಾಯವಾಗಿ ಹೇಳಿದ್ದಾಳೆ. ಟೀಚರು, ಯಾರ ತಪ್ಪು ಯಾರದ್ದು ಅಂತ ಹೇಳುವುದು ಅವಳ ಅಭ್ಯಾಸ. ಹಾಗೆಂದು ಇಂಥ ಪೆದ್ದನನ್ನು ಕಟ್ಟಿಕೊಳ್ಳುವ ಮನಸ್ಸು ಉಳಿದಿರಬೇಕೆಂದೇನೂ ಇಲ್ಲವಲ್ಲ. ತನ್ನ ಮೆಸೇಜಿಗೆ ಇನ್ನೂ ಒಂದಕ್ಷರ ಉತ್ತರ ಬಂದಿಲ್ಲ. ಅವನು ಅನ್ನ ಕಲಸುತ್ತಲೇ ಇದ್ದ.

ಆಗ ಅವನ ಫೋನಿಗೆ ಒಂದು ಮೇಲ್ ಬಂತು. ವೆಬ್‌ಸೈಟ್ ಮಾಡುವಾಗ ಕೊಟ್ಟ ವಿಳಾಸಕ್ಕೆ, ಆ ರೆಪಾಸಿಟರಿ ಇದ್ದ ತಾಣದಿಂದ. ಏನೋ ಮತ್ತೆ ಕೆಂಪು ಗುರುತು ಬಿತ್ತು ಎಂದುಕೊಂಡು ಗಾಬರಿಯಿಂದ ಭಾವನ ಮುಂದೆ ಹಿಡಿದ.

ಉಮೇಶ್ ನೋಡಿದ. ‘ಇದು ಪುಲ್ ರಿಕ್ವೆಸ್ಟ್ ಮಾರಾಯ. ಯಾರೋ ನಿನ್ನ ಕಡತ ತಿದ್ದಿ, ಒಪ್ಪಿಗೆ ಆದ್ರೆ ಸೇರಿಸ್ಕೊಳ್ಳಿ ಅಂತ ಕಳಿಸಿದಾರೆ. ನೀನು ಹ್ಞೂಂ ಅಂದ್ರೆ ಮಾತ್ರ ಒಳಗೆ ಬರುತ್ತೆ.’ ಕಳಿಸಿದವರ ಹೆಸರು ಓದಿದವನು ಫೋನನ್ನು ಮೆಲ್ಲಗೆ ಪೂರ್ಣೇಶನ ಕೈಗೆ ವಾಪಸ್ ಇಟ್ಟ. ‘ನೀನೇ ನೋಡ್ಕ. ನಾನು ಓದಬಾರ್ದು.’

ಪೂರ್ಣೇಶ ಕೈ ತೊಳೆದುಕೊಂಡು ಹಿತ್ತಿಲ ಬಾಗಿಲಿಗೆ ಹೋಗಿ ನಿಂತ. ಫೋನಿನಲ್ಲಿ ಹಳೆಯ ಸಾಲು ಕೆಂಪು ಬಣ್ಣದಲ್ಲಿತ್ತು, ಹೆಂಡತಿ ಮಕ್ಕಳ ಮೇಲೆ ಕಾಟು ಹೊಡೆದಿತ್ತು. ಅದರ ಕೆಳಗೆ ಹೊಸ ಸಾಲು ಹಸಿರು ಬಣ್ಣದಲ್ಲಿ, ಕನ್ನಡದಲ್ಲಿ: ‘ಪೂರ್ಣೇಶ್ ಸಾಗರದ ಹತ್ತಿರ ಹಿನ್ನೀರಿನಲ್ಲಿ ದೋಣಿ ನಡೆಸಲು ಕಲಿಸುತ್ತಾರೆ. ಸುಳ್ಳು ಹೇಳುವುದಿಲ್ಲ.’

ಅವನು ಅದನ್ನು ಎರಡು ಸಲ ಓದಿದ. ಇನ್ನೂ ಕೆಳಗೆ, ತಿದ್ದಿದವರು ಯಾಕೆ ತಿದ್ದಿದೆವೆಂದು ಬರೆಯುವ ಜಾಗದಲ್ಲಿ, ಸುಪ್ರಿಯಾ ಬರೆದಿದ್ದಳು:

‘ಉತ್ತರ ಕೊಡದೆ ಇದ್ದದ್ದಕ್ಕೆ ಕ್ಷಮಿಸಿ. ದೊಡ್ಡಪ್ಪನಿಗೆ ಮೊದಲು ಹೇಳಬೇಕಿತ್ತು. ಈ ಪುಟದಿಂದ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ತೆಗೆದಿದ್ದೇನೆ. ಬೆಕ್ಕು ನಿಜವಾಗಿ ಇದೆಯೋ ಇಲ್ಲವೋ ಗೊತ್ತಾಗದೆ ಅದನ್ನೂ ತೆಗೆದೆ. ಬೇಕಾದವರನ್ನು ಮುಂದೆ ಇಬ್ಬರೂ ಕೂತು ಸೇರಿಸೋಣ.’

ಒಳಗಿನಿಂದ ಬಿಂದುಶ್ರೀ, ‘ಎಂತದಾ ಅದು? ಮತ್ತೆ ಎಂತ ಎಡವಟ್ಟು ಮಾಡ್ಕಂಡ್ಯ?’ ಎಂದು ಕೂಗುತ್ತಿದ್ದಳು. ಪೂರ್ಣೇಶ ಕೈಯನ್ನು ಅಂಗಿಗೆ ಒರೆಸಿಕೊಂಡು ಹಸಿರು ಗುಂಡಿ ಒತ್ತಿದ. ಹ್ಞೂಂ ಅಂದದ್ದು ಅವಳಿಗೆ ತಲುಪಿತೋ ಇಲ್ಲವೋ ಎಂದು ನೋಡುತ್ತ ಅಲ್ಲೇ ಬಾಗಿಲಿಗೆ ಒರಗಿ ನಿಂತುಕೊಂಡ.